ಭಾರ ಎಳೆಯಲು ಹಳೆಯ ಡೀಸೆಲ್ ಪಿಕಪ್: ಫೋರ್ಡ್, ಡಾಡ್ಜ್, ಷೆವ್ರೊಲೆಗಳಲ್ಲಿ ಯಾವುದನ್ನು ಕೊಳ್ಳಬೇಕು?

ಅಮೆರಿಕದಲ್ಲಿ ಕುದುರೆ ಟ್ರೇಲರ್, ಹುಲ್ಲಿನ ಉಂಡೆ ಹೇರಿದ ಟ್ರೇಲರ್, ಸಣ್ಣ ಟ್ರ್ಯಾಕ್ಟರ್ ಅಥವಾ ದೊಡ್ಡ ಕ್ಯಾಂಪರ್ ಎಳೆಯಬೇಕಾದವರು ಇಂದಿಗೂ ಇಪ್ಪತ್ತು, ಇಪ್ಪತ್ತೈದು ವರ್ಷ ಹಳೆಯ ಡೀಸೆಲ್ ಪಿಕಪ್‌ಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹೊಸ ಡೀಸೆಲ್ ಪಿಕಪ್‌ನ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟುಕದಷ್ಟು ಏರಿದೆ, ಹೊಗೆ ನಿಯಂತ್ರಣದ ಸಲಕರಣೆಗಳು ಹೆಚ್ಚಿದಂತೆ ಹೊಸ ಗಾಡಿಗಳ ರಿಪೇರಿಯೂ ದುಬಾರಿಯಾಗಿದೆ, ಹಳೆಯ ಎಂಜಿನ್‌ಗಳೋ ಸರಿಯಾಗಿ ನೋಡಿಕೊಂಡರೆ ಮೂರು ಲಕ್ಷ ಮೈಲಿ ಓಡಿದ ಮೇಲೂ ಕೆಲಸ ಮಾಡುತ್ತವೆ. ಅಲ್ಲಿ ನೆಲೆಸಿ ಊರಾಚೆ ನಾಲ್ಕಾರು ಎಕರೆ ಜಮೀನು ಮಾಡಿಕೊಂಡ ಕನ್ನಡಿಗರಿಗೂ ಈ ಆಯ್ಕೆಯ ಪ್ರಶ್ನೆ ಎದುರಾಗುತ್ತದೆ. ಈ ಬರಹ ಮುಖ್ಯವಾಗಿ 1994ರಿಂದ 2010ರವರೆಗಿನ ಫೋರ್ಡ್, ಡಾಡ್ಜ್ ಮತ್ತು ಷೆವ್ರೊಲೆ/ಜಿಎಂಸಿ ಗಾಡಿಗಳ ಹೋಲಿಕೆ.

ಈ ಗಾಡಿಗಳ ಬಗ್ಗೆ ಮಾತು ಆರಂಭವಾದರೆ ಎಲ್ಲರೂ ಮೊದಲು ಎತ್ತುವುದು ಎಂಜಿನ್‌ನ ಹೆಸರನ್ನು. ಡಾಡ್ಜ್‌ನ ಕಮಿನ್ಸ್ ಮೇಲೋ, ಫೋರ್ಡ್‌ನ ಪವರ್‌ಸ್ಟ್ರೋಕ್ ಮೇಲೋ, ಷೆವ್ರೊಲೆಯ ಡ್ಯೂರಾಮ್ಯಾಕ್ಸ್ ಮೇಲೋ ಎಂಬ ವಾದದಲ್ಲೇ ಕೊಳ್ಳುವವರ ಗಮನವೆಲ್ಲ ಖರ್ಚಾಗಿಹೋಗುತ್ತದೆ. ಎತ್ತು ಎಷ್ಟು ಬಲವಾಗಿದ್ದರೂ ನೊಗ ಮತ್ತು ಅಚ್ಚು ತಡೆಯದಿದ್ದರೆ ಗಾಡಿ ಸಾಗುವುದಿಲ್ಲ ಎಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದ್ದರಿಂದ ಮೊದಲು ನೀವು ಎಳೆಯುವ ಭಾರ, ಅನಂತರ ಆ ಭಾರವನ್ನು ಹೊರುವ ಮತ್ತು ನಿಲ್ಲಿಸುವ ಭಾಗಗಳು, ಅದಾದ ಮೇಲೆ ಎಂಜಿನ್, ಕೊನೆಗೆ ನಿಮ್ಮ ಎದುರು ನಿಂತಿರುವ ಆ ಒಂದು ಗಾಡಿಯ ಚರಿತ್ರೆ, ಈ ಕ್ರಮದಲ್ಲಿ ಯೋಚಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಭಾರದ ಲೆಕ್ಕ

ಗಾಡಿಯ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಜಿವಿಡಬ್ಲ್ಯೂಆರ್ ಎಂದು ಬರೆದಿರುವ ಅಂಕಿಯು, ಗಾಡಿ, ಅದರೊಳಗಿನ ಜನ, ಸಾಮಾನು ಮತ್ತು ಟ್ರೇಲರ್‌ನಿಂದ ಗಾಡಿಯ ಮೇಲೆ ಬೀಳುವ ಭಾರ ಇವೆಲ್ಲ ಸೇರಿ ಎಷ್ಟು ತೂಗಬಹುದು ಎಂಬ ಮಿತಿ. ಗಾಡಿ ಮತ್ತು ಟ್ರೇಲರ್ ಎರಡೂ ಸೇರಿದ ಒಟ್ಟು ಮಿತಿಗೆ ಜಿಸಿಡಬ್ಲ್ಯೂಆರ್ ಎನ್ನುತ್ತಾರೆ. ಅದು ಆ ವರ್ಷದ ಮಾಲೀಕರ ಕೈಪಿಡಿಯಲ್ಲಿ ಸಿಗುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಎಳೆಯುವ ಸಾಮರ್ಥ್ಯದ ಅಂಕಿಗಿಂತ, ಬಹಳಷ್ಟು ಸಲ ಮೊದಲು ಮುಗಿದುಹೋಗುವುದು ಜಿವಿಡಬ್ಲ್ಯೂಆರ್.

ಒಂದು ಉದಾಹರಣೆ ನೋಡೋಣ. 8,000 ಪೌಂಡ್ ತೂಕದ, ಮಣ್ಣು ಎತ್ತುವ ಸ್ಕಿಡ್ ಸ್ಟಿಯರ್ ಯಂತ್ರ, ಪಿಕಪ್ಪಿನ ಹಿಂದಿನ ಡಬ್ಬಿಯೊಳಗೆ ಕೊಂಡಿ ಹಾಕುವ 5,000 ಪೌಂಡಿನ ಗೂಸ್‌ನೆಕ್ ಟ್ರೇಲರ್, 1,000 ಪೌಂಡಿನಷ್ಟು ಬಕೆಟ್ ಮತ್ತು ಇತರ ಸಲಕರಣೆ ಸೇರಿದರೆ ಒಟ್ಟು 14,000 ಪೌಂಡ್, ಅಂದರೆ ಸುಮಾರು 6,350 ಕಿಲೋ. ಬಂಪರ್ ಕೆಳಗಿನ ಹಿಚ್‌ಗೆ ಕಟ್ಟುವ ಟ್ರೇಲರ್‌ನಲ್ಲಿ ಅದರ ತೂಕದ ಶೇ 10ರಿಂದ 15ರಷ್ಟು ಗಾಡಿಯ ಕೊಂಡಿಯ ಮೇಲೆ ಕೂರುತ್ತದೆ. ಗೂಸ್‌ನೆಕ್ ಮತ್ತು ಅದರಂತೆಯೇ ಡಬ್ಬಿಯಲ್ಲಿ ಕಟ್ಟುವ ಫಿಫ್ತ್ ವೀಲ್ ಟ್ರೇಲರ್‌ಗಳಲ್ಲಿ ಅದು ಶೇ 15ರಿಂದ 25ರವರೆಗೆ ಇರುತ್ತದೆ. ಶೇ 20 ಎಂದು ಹಿಡಿದರೂ 2,800 ಪೌಂಡ್ ನೇರವಾಗಿ ಹಿಂದಿನ ಆಕ್ಸಲ್ ಮೇಲೆ ಬಂತು. 1999ರಿಂದ 2004ರವರೆಗಿನ ಫೋರ್ಡ್ ಎಫ್-250ರ ಜಿವಿಡಬ್ಲ್ಯೂಆರ್ 8,800 ಪೌಂಡ್. ಟ್ಯಾಂಕ್ ತುಂಬಿಸಿ ಚಾಲಕ ಕೂತಾಗ ಆ ಗಾಡಿಯೇ 7,000 ಪೌಂಡ್ ತೂಗಿದರೆ ಉಳಿಯುವುದು 1,800. ಎಂಜಿನ್ ಈ ಟ್ರೇಲರ್ ಅನ್ನು ಹೆದ್ದಾರಿಯಲ್ಲಿ ನಿರಾಯಾಸವಾಗಿ ಎಳೆದೀತು. ಆದರೂ ಗಾಡಿಯ ಮೇಲೆ 1,000 ಪೌಂಡ್ ಹೆಚ್ಚುವರಿ ಹೊರೆ ಕೂತಿರುತ್ತದೆ, ಅದರ ಪೆಟ್ಟು ಹಿಂದಿನ ಟೈರು, ಸ್ಪ್ರಿಂಗು ಮತ್ತು ಬ್ರೇಕುಗಳ ಮೇಲೆ ಬೀಳುತ್ತದೆ.

ಹಿಂದೆ ಎರಡೆರಡು ಚಕ್ರವಿರುವ, ಅಲ್ಲಿನವರು ಡ್ಯೂಲಿ ಎನ್ನುವ ಒಂದು ಟನ್ ವರ್ಗದ ಗಾಡಿಗಳು ಇಂಥ ಭಾರಕ್ಕಾಗಿಯೇ ಇವೆ. ಅವುಗಳ ಜಿವಿಡಬ್ಲ್ಯೂಆರ್ 11,000 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಗಾಡಿ ಸ್ವತಃ ಸ್ವಲ್ಪ ಹೆಚ್ಚು ತೂಗಿದರೂ ಮೇಲಿನ ಉದಾಹರಣೆಯ ಟ್ರೇಲರ್‌ಗೆ ಅವಕಾಶ ಉಳಿಯುತ್ತದೆ. ಪಕ್ಕದಿಂದ ಗಾಳಿ ಬೀಸುವಾಗ, ದೊಡ್ಡ ಲಾರಿ ಹಾದುಹೋಗುವಾಗ ಡ್ಯೂಲಿ ಕಡಿಮೆ ಓಲಾಡುತ್ತದೆ, ಒಂದು ಟೈರು ಒಡೆದರೂ ಪಕ್ಕದ್ದು ಹಿಡಿದುಕೊಳ್ಳುತ್ತದೆ. ಪೇಟೆಯಲ್ಲಿ ನಿಲ್ಲಿಸುವುದು ಕಷ್ಟ, ಆರು ಟೈರಿನ ಖರ್ಚು ಇದೆ. ಟ್ರೇಲರ್ ಸದಾ 12,000 ಪೌಂಡ್ ಮೀರುವವರು ಈ ತೊಂದರೆಗಳನ್ನು ಒಪ್ಪಿಕೊಂಡು ಡ್ಯೂಲಿಯನ್ನೇ ಕೊಳ್ಳುವುದು ಒಳ್ಳೆಯದು. 10,000 ಪೌಂಡಿನೊಳಗೆ ಇರುವವರಿಗೆ ಅದರ ಅಗತ್ಯವಿಲ್ಲ.

ದುಡಿಮೆಗಾಗಿ ಎಳೆಯುವವರಿಗೆ ಇನ್ನೊಂದು ಮಾತು. ವ್ಯವಹಾರಕ್ಕೆ ಬಳಸುವ ಗಾಡಿ ಮತ್ತು ಟ್ರೇಲರ್‌ಗಳ ಒಟ್ಟು ಮಿತಿ 26,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಟ್ರೇಲರ್‌ನ ಮಿತಿಯೇ 10,000 ದಾಟಿದ್ದರೆ ವಾಣಿಜ್ಯ ಚಾಲನಾ ಪರವಾನಗಿ ಬೇಕಾಗುತ್ತದೆ. ಡ್ಯೂಲಿ ಮತ್ತು ದೊಡ್ಡ ಗೂಸ್‌ನೆಕ್ ಒಟ್ಟಾದರೆ ಈ ಗಡಿ ಸುಲಭವಾಗಿ ದಾಟುತ್ತದೆ. ಆದ್ದರಿಂದ ಗಾಡಿ ಕೊಳ್ಳುವ ಮುನ್ನ ನಿಮ್ಮ ರಾಜ್ಯದ ನಿಯಮವನ್ನು ನೋಡಿಕೊಳ್ಳಿ.

2007 ಎಂಬ ಗಡಿ

ಹಳೆಯ ಡೀಸೆಲ್‌ಗಳ ಮಾರುಕಟ್ಟೆಯಲ್ಲಿ 2007ರ ನಡುವಿನ ಗೆರೆ ಬೆಲೆಯನ್ನೇ ನಿರ್ಧರಿಸುತ್ತದೆ. ಆ ವರ್ಷ ಜಾರಿಗೆ ಬಂದ ಹೊಗೆ ನಿಯಮಗಳಿಂದಾಗಿ ಡೀಸೆಲ್ ಪಿಕಪ್‌ಗಳಿಗೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಬಂತು. 2010ರ ನಿಯಮಗಳಿಂದಾಗಿ ಯೂರಿಯಾ ದ್ರವ ಹಾಕುವ ವ್ಯವಸ್ಥೆಯೂ ಸೇರಿತು. ಫೋರ್ಡ್ ಮತ್ತು ಜಿಎಂ (ಷೆವ್ರೊಲೆ, ಜಿಎಂಸಿ) ಪಿಕಪ್‌ಗಳಲ್ಲಿ ಅದು 2011ರ ಮಾದರಿಯಿಂದ, ಮೊದಲು ಡಾಡ್ಜ್ ಹೆಸರಿನಲ್ಲಿದ್ದ ರಾಮ್ ಪಿಕಪ್‌ಗಳಲ್ಲಿ 2013ರಿಂದ ಕಾಣಿಸಿತು. ಡಿಪಿಎಫ್ ತುಂಬಿದಾಗ ಎಂಜಿನ್ ಹೆಚ್ಚು ಇಂಧನ ಸುರಿದು ಫಿಲ್ಟರ್ ಕಾಯಿಸಿ ಮಸಿಯನ್ನು ಸುಡುತ್ತದೆ. ಭಾರ ಎಳೆದುಕೊಂಡು ದೂರ ಹೋಗುವವರಿಗೆ ಇದು ದೊಡ್ಡ ತೊಂದರೆಯಲ್ಲ, ಏಕೆಂದರೆ ಸೈಲೆನ್ಸರ್ ಸದಾ ಕಾದಿರುತ್ತದೆ; ಸಣ್ಣ ಸಣ್ಣ ಓಡಾಟ ಮಾಡುವವರ ಗಾಡಿಯಲ್ಲಿ ಅದು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ.

ಮಾರಾಟಕ್ಕಿರುವ ಎಷ್ಟೋ 2008, 2009ರ ಗಾಡಿಗಳಲ್ಲಿ ಈ ಫಿಲ್ಟರನ್ನೂ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವ್ಯವಸ್ಥೆಯನ್ನೂ ಕಿತ್ತುಹಾಕಿರುತ್ತಾರೆ, ಅದನ್ನೇ ಒಂದು ಗುಣವೆಂದು ಜಾಹೀರಾತಿನಲ್ಲಿ ಬರೆದಿರುತ್ತಾರೆ. ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಅದು ಕಾನೂನುಬಾಹಿರ. ಕ್ಯಾಲಿಫೋರ್ನಿಯಾದಲ್ಲಿ 1998 ಮತ್ತು ಅದರ ನಂತರದ, 14,000 ಪೌಂಡ್‌ವರೆಗಿನ ಡೀಸೆಲ್ ಗಾಡಿಗಳಿಗೆ 2010ರಿಂದ ಹೊಗೆ ತಪಾಸಣೆ ಕಡ್ಡಾಯವಾಗಿದ್ದು, ಇಂಥ ಗಾಡಿ ಅಲ್ಲಿ ಪಾಸಾಗುವುದಿಲ್ಲ. ಎಲ್ಲವನ್ನೂ ಮತ್ತೆ ಕೂರಿಸಲು ತಗಲುವ ಖರ್ಚು ಸಾವಿರಾರು ಡಾಲರ್. ಕಿತ್ತುಹಾಕಿದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂದೇ ನಾನು ಹೇಳುತ್ತೇನೆ.

ಡಾಡ್ಜ್ ಮತ್ತು ಕಮಿನ್ಸ್

ಇಂಡಿಯಾನಾದ ಕೊಲಂಬಸ್ ಊರಿನ ಕಮಿನ್ಸ್ ಕಂಪನಿಯ 5.9 ಲೀಟರ್, ಆರು ಸಿಲಿಂಡರ್ ಎಂಜಿನ್ 1989ರಲ್ಲಿ ಡಾಡ್ಜ್ ಪಿಕಪ್‌ಗೆ ಬಂತು. ಇದು ಪಿಕಪ್‌ಗಾಗಿ ಹುಟ್ಟಿದ ಎಂಜಿನ್ ಅಲ್ಲ. ಲಾರಿ ಮತ್ತು ಯಂತ್ರೋಪಕರಣಗಳಿಗಾಗಿ ರೂಪಿಸಿದ್ದು. ಜಮ್ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆ ಇದೇ ಬಿ ಸರಣಿಯ 5.9 ಎಂಜಿನ್‌ಗಳನ್ನು ಟಾಟಾ ಲಾರಿಗಳಿಗೆ ಒದಗಿಸಿದ್ದರಿಂದ, ಕರ್ನಾಟಕದ ಲಾರಿ ಮೆಕ್ಯಾನಿಕ್‌ಗಳಲ್ಲಿ ಅನೇಕರಿಗೆ ಅದರ ಒಳಗು ಪರಿಚಿತವೇ. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಕಾರಣ ಬಾನೆಟ್ ಎತ್ತಿದರೆ ಬಹುತೇಕ ಭಾಗಗಳು ಕೈಗೆ ಸಿಗುತ್ತವೆ. ಮನೆಯಂಗಳದಲ್ಲಿ ತಾವೇ ರಿಪೇರಿ ಮಾಡಿಕೊಳ್ಳುವವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ.

1994ರಿಂದ 1998ರವರೆಗಿನ 12 ವಾಲ್ವಿನ ಎಂಜಿನ್‌ಗಳಲ್ಲಿ ಬಾಷ್ ಕಂಪನಿಯ ಪಿ7100 ಎಂಬ, ಪೂರ್ತಿ ಯಾಂತ್ರಿಕವಾದ ಡೀಸೆಲ್ ಪಂಪ್ ಇದೆ. ಇಂಧನವನ್ನು ಅಳೆದು ಕೊಡಲು ಕಂಪ್ಯೂಟರ್ ಬೇಕಿಲ್ಲ. 160ರಿಂದ 215 ಅಶ್ವಶಕ್ತಿ ಇಂದಿನ ಲೆಕ್ಕಕ್ಕೆ ಕಡಿಮೆ, ಏರಿನಲ್ಲಿ ನಿಧಾನವಾಗಿಯೇ ಹೋಗುತ್ತದೆ, ಆದರೆ ಹೋಗುತ್ತದೆ. ಇದರ ಒಂದು ಕುಖ್ಯಾತ ದೋಷವೆಂದರೆ, ಎಂಜಿನ್ ಮುಂಭಾಗದ ಗೇರ್ ಪೆಟ್ಟಿಗೆಯನ್ನು ಜೋಡಿಸಲು ಬಳಸಿದ ಸಣ್ಣ ಉಕ್ಕಿನ ಪಿನ್ನು ಕಂಪನದಿಂದ ಮೆಲ್ಲಗೆ ಹೊರಬಂದು ಟೈಮಿಂಗ್ ಗೇರುಗಳ ನಡುವೆ ಬೀಳುವುದು. ಬಿದ್ದರೆ ಪೆಟ್ಟಿಗೆ ಒಡೆಯುತ್ತದೆ, ಕೆಲವೊಮ್ಮೆ ಎಂಜಿನ್ನೇ ಹೋಗುತ್ತದೆ. ಪಿನ್ನಿನ ಮೇಲೆ ಒಂದು ಸಣ್ಣ ತಗಡನ್ನು ಬೋಲ್ಟಿನಿಂದ ಬಿಗಿದರೆ ಆ ಭಯ ತೀರುತ್ತದೆ. ಮಾರುವವರನ್ನು ಈ ಪಿನ್ನಿನ ಬಗ್ಗೆ ಕೇಳಿ. ಅವರು ಕೊಡುವ ಉತ್ತರದಿಂದ ಗಾಡಿಯನ್ನು ಎಷ್ಟು ಅರಿತು ಸಾಕಿದ್ದಾರೆ ಎಂಬುದೂ ತಿಳಿಯುತ್ತದೆ.

1998ರ ನಡುವಿನಿಂದ 2002ರವರೆಗಿನ 24 ವಾಲ್ವಿನ ಗಾಡಿಗಳಲ್ಲಿ ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪ್ ಇದೆ. ಈ ಪಂಪಿಗೆ ತಂಪು ಮತ್ತು ಜಾರುವಿಕೆ ಎರಡೂ ಅದರೊಳಗೆ ಹರಿಯುವ ಡೀಸೆಲ್‌ನಿಂದಲೇ ಸಿಗಬೇಕು. ಅದಕ್ಕೆ ಡೀಸೆಲ್ ಕಳಿಸುವ ಸಣ್ಣ ಲಿಫ್ಟ್ ಪಂಪ್ ಯಾವ ಸೂಚನೆಯನ್ನೂ ಕೊಡದೆ ದುರ್ಬಲವಾಗುತ್ತದೆ, ಅದರ ಬೆನ್ನಿಗೇ ಸಾವಿರ ಡಾಲರಿಗೂ ಮಿಕ್ಕಿ ಬೆಲೆಯ ವಿಪಿ44 ಸಾಯುತ್ತದೆ. ಚಾಲಕನ ಎದುರು ಇಂಧನದ ಒತ್ತಡ ತೋರಿಸುವ ಮೀಟರ್ ಅಳವಡಿಸಿರುವ, ಭಾರ ಎಳೆಯುವಾಗಲೂ ಅದು 10 ಪಿಎಸ್‌ಐಗಿಂತ ಕೆಳಗಿಳಿಯದ ಗಾಡಿಯನ್ನು ಮಾತ್ರ ನೋಡಿ. ಪಿ0216 ಎಂಬ ದೋಷಸಂಕೇತ ಸ್ಕ್ಯಾನರಿನಲ್ಲಿ ಕಂಡರೆ ಪಂಪಿನ ಬೆಲೆಯನ್ನು ಗಾಡಿಯ ಬೆಲೆಯಿಂದ ಕಳೆಯಿರಿ. ಜೊತೆಗೆ ಚಾಲಕ ಕೂರುವ ಬದಿಯಲ್ಲಿ ಎಂಜಿನ್ ಬ್ಲಾಕಿನ ಮೇಲೆ 53 ಎಂಬ ಅಂಕಿ ಅಚ್ಚಾಗಿದ್ದರೆ ಎಚ್ಚರವಿರಲಿ: ಆ ಬ್ಲಾಕುಗಳ ಗೋಡೆ ತೆಳುವಾಗಿದ್ದು, ಎದುರು ಬದಿಯಲ್ಲಿ ಬಿರುಕು ಬಿಟ್ಟು ಕೂಲೆಂಟ್ ಸೋರಿದ ಉದಾಹರಣೆಗಳು ಬಹಳ ಇವೆ.

2003ರಿಂದ 2007ರ ನಡುವಿನವರೆಗಿನ, ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಒದಗಿಸುವ ಕಾಮನ್ ರೈಲ್ 5.9 ನನ್ನ ದೃಷ್ಟಿಯಲ್ಲಿ ಈ ಇಡೀ ಕಾಲದ ಅತ್ಯುತ್ತಮ ಎಂಜಿನ್. ಅದರ ಸಿಪಿ3 ಡೀಸೆಲ್ ಪಂಪ್ ಗಟ್ಟಿ, ಸದ್ದು ಕಡಿಮೆ, 2004ರ ನಡುವಿನಿಂದ 325 ಅಶ್ವಶಕ್ತಿ ಮತ್ತು 600 ಪೌಂಡ್-ಅಡಿ ಟಾರ್ಕ್ ಸಿಗುತ್ತದೆ. ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರುಗಳು ಸವೆಯುತ್ತವೆ, ಆರನ್ನೂ ಬದಲಿಸಿದರೆ ಕೂಲಿ ಸೇರಿ ಮೂರು ಸಾವಿರ ಡಾಲರಿನ ಸುತ್ತಮುತ್ತ ಅಥವಾ ಅದಕ್ಕಿಂತ ಹೆಚ್ಚು ತಗಲುತ್ತದೆ. ಅನಂತರ ಬಂದ 6.7 ಕಮಿನ್ಸ್ ಎಳೆಯುವುದರಲ್ಲಿ ಇನ್ನೂ ಬಲಶಾಲಿ, ಹೊಗೆ ಹೊರಹೋಗುವುದನ್ನು ತಡೆದು ಗಾಡಿಯನ್ನು ನಿಧಾನಗೊಳಿಸುವ ಎಕ್ಸಾಸ್ಟ್ ಬ್ರೇಕ್ ಟರ್ಬೊದೊಳಗೇ ಇದೆ. ಮೊದಲ ವರ್ಷಗಳಲ್ಲಿ ಮಸಿಯಿಂದ ಟರ್ಬೊ ಕಟ್ಟಿಕೊಳ್ಳುವ ತೊಂದರೆ ಸಾಮಾನ್ಯವಾಗಿತ್ತು.

ಎಂಜಿನ್ ಇಷ್ಟು ಒಳ್ಳೆಯದಾದರೂ ಡಾಡ್ಜ್‌ನ ಉಳಿದ ಭಾಗಗಳು ಆ ಮಟ್ಟದಲ್ಲಿಲ್ಲ. 1994ರಿಂದ 2002ರ ಗಾಡಿಗಳ ಡ್ಯಾಶ್‌ಬೋರ್ಡ್ ಬಿಸಿಲಿಗೆ ಒಡೆದು ಚೂರಾಗುತ್ತದೆ, ಮುಂಭಾಗದ ಟ್ರ್ಯಾಕ್ ಬಾರ್ ಸವೆದರೆ ಸ್ಟೀರಿಂಗ್ ಅಲೆದಾಡುತ್ತದೆ, 1990ರ ದಶಕದ ಗಾಡಿಗಳ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದೆ. ಅವುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ ಮುಂದೆ ಹೇಳುತ್ತೇನೆ.

ಫೋರ್ಡ್ ಪವರ್‌ಸ್ಟ್ರೋಕ್

1994ರ ನಡುವಿನಿಂದ 2003ರವರೆಗೆ ಬಂದ 7.3 ಲೀಟರ್ ಎಂಜಿನ್ ಅನ್ನು ಫೋರ್ಡ್‌ಗಾಗಿ ಮಾಡಿದ್ದು ನ್ಯಾವಿಸ್ಟಾರ್. ಇದರ ಇಂಜೆಕ್ಟರುಗಳು ಎಂಜಿನ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಹಾಗಾಗಿ ಎಣ್ಣೆ ಬದಲಿಸುವುದನ್ನು ಮರೆತವರ ಗಾಡಿಯಲ್ಲಿ ಇಂಜೆಕ್ಟರೂ ಕೆಡುತ್ತದೆ. ಒಂದು ಸಲಕ್ಕೆ 15 ಕ್ವಾರ್ಟ್, ಅಂದರೆ 14 ಲೀಟರಿಗೂ ಹೆಚ್ಚು ಎಣ್ಣೆ ಬೇಕು. ಕೆಡುವ ಭಾಗಗಳು ಗೊತ್ತಿರುವಂಥವು ಮತ್ತು ಅಗ್ಗದವು: ಕ್ಯಾಮ್ ಸೆನ್ಸರ್ ಕೆಟ್ಟರೆ ಓಡುತ್ತಿದ್ದ ಗಾಡಿ ಥಟ್ಟನೆ ನಿಲ್ಲುತ್ತದೆ, ಆದ್ದರಿಂದ ಒಂದನ್ನು ಸದಾ ಗಾಡಿಯಲ್ಲೇ ಇಟ್ಟುಕೊಳ್ಳುವುದು ಅದರ ಮಾಲೀಕರ ರೂಢಿ. ಗ್ಲೋ ಪ್ಲಗ್ ರಿಲೇ, ವಾಲ್ವ್ ಕವರ್ ಕೆಳಗಿನ ವೈರಿಂಗ್, ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಸೋರುವ ಡೀಸೆಲ್, ಇವೆಲ್ಲ ಕೈಯಳತೆಯ ರಿಪೇರಿಗಳು. ಶಕ್ತಿ 210ರಿಂದ 275 ಅಶ್ವಶಕ್ತಿಯವರೆಗೆ. 10,000 ಪೌಂಡ್ ಟ್ರೇಲರ್‌ನ್ನು ಬಯಲು ಸೀಮೆಯಲ್ಲಿ ಎಳೆಯುವವರಿಗೆ ಸಾಕು. ಕೊಲರಾಡೊದ ಘಟ್ಟಗಳಲ್ಲಿ ಬಲಬದಿಯ ಲೇನ್ ಹಿಡಿದು ತಾಳ್ಮೆಯಿಂದ ಹತ್ತಬೇಕಾಗುತ್ತದೆ. 1999ರಲ್ಲಿ ಬಂದ ಸೂಪರ್ ಡ್ಯೂಟಿ ಚಾಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವುದರಿಂದ, ಅದಕ್ಕಿಂತ ಹಿಂದಿನದಕ್ಕಿಂತ ಎಳೆಯುವ ಕೆಲಸಕ್ಕೆ ಎಷ್ಟೋ ಮೇಲು.

2003ರಿಂದ 2007ರ 6.0 ಲೀಟರ್ ಎಂಜಿನ್‌ನ ವಿಷಯವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವುದು ಇದೇ. ಎಣ್ಣೆ ತಂಪುಮಾಡುವ ಆಯಿಲ್ ಕೂಲರ್ ಎಂಜಿನ್ ಮಧ್ಯದ ಕಣಿವೆಯಲ್ಲಿ ಕೂತಿದೆ, ಅದರೊಳಗಿನ ಕೂಲೆಂಟ್ ಹರಿಯುವ ದಾರಿಗಳು ಬಹಳ ಕಿರಿದು. ಎರಕದ ಮರಳು ಮತ್ತು ಹಳೆಯ ಕೂಲೆಂಟಿನ ಅಂಟು ಸೇರಿ ಆ ದಾರಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಇಜಿಆರ್ ಕೂಲರಿಗೆ ಹೋಗಬೇಕಾದ ಕೂಲೆಂಟ್ ಸಾಲದೆ ಅದು ಕಾದು ಬಿರಿಯುತ್ತದೆ, ಕೂಲೆಂಟ್ ಸಿಲಿಂಡರಿಗೆ ಇಳಿದು ಹಬೆಯಾಗುತ್ತದೆ, ಒತ್ತಡ ಏರುತ್ತದೆ. ಪ್ರತಿ ಸಿಲಿಂಡರಿನ ಸುತ್ತ ನಾಲ್ಕೇ ಬೋಲ್ಟುಗಳಿರುವ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಆ ಒತ್ತಡಕ್ಕೆ ಎದ್ದು ಗ್ಯಾಸ್ಕೆಟ್ ಹೋಗುತ್ತದೆ. ಜನ ಹೆಡ್ ಗ್ಯಾಸ್ಕೆಟ್ ಅನ್ನು ದೂರುತ್ತಾರೆ. ರೋಗ ಶುರುವಾಗಿದ್ದು ಆಯಿಲ್ ಕೂಲರಿನಲ್ಲಿ.

ಆದ್ದರಿಂದ 6.0 ನೋಡಲು ಹೋದರೆ ಎಣ್ಣೆಯ ಮತ್ತು ಕೂಲೆಂಟಿನ ಶಾಖ ಎರಡನ್ನೂ ತೋರಿಸುವ ಸ್ಕ್ಯಾನರ್ ಜೊತೆಗಿರಲಿ. ಸಮತಟ್ಟಾದ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದ ಮೇಲೆ ಎಣ್ಣೆಯು ಕೂಲೆಂಟಿಗಿಂತ 15 ಡಿಗ್ರಿ ಫ್ಯಾರನ್‌ಹೀಟ್‌ಗೂ ಹೆಚ್ಚು ಬಿಸಿಯಿದ್ದರೆ ಕೂಲರ್ ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಕೂಲೆಂಟ್ ಡಬ್ಬಿಯ ಮುಚ್ಚಳದ ಸುತ್ತ ಒಣಗಿದ ಬಿಳಿ ಕಲೆಗಳಿದ್ದರೆ ಹೆಡ್ ಎದ್ದಿರುವ ಸಂಭವ ಹೆಚ್ಚು. ಇಂಜೆಕ್ಟರುಗಳಿಗೆ ವಿದ್ಯುತ್ ಕೊಡುವ ಎಫ್‌ಐಸಿಎಂ ಪೆಟ್ಟಿಗೆಯಲ್ಲಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೂ 48 ವೋಲ್ಟ್ ಬರಬೇಕು. 45ಕ್ಕಿಂತ ಕೆಳಗಿಳಿದರೆ ಇಂಜೆಕ್ಟರುಗಳೂ ಹಾಳಾಗುವ ದಾರಿಯಲ್ಲಿವೆ. ಹೆಡ್ ಸ್ಟಡ್, ಹೊಸ ಆಯಿಲ್ ಕೂಲರ್, ಗಟ್ಟಿಯಾದ ಇಜಿಆರ್ ಕೂಲರ್ ಎಲ್ಲ ಹಾಕಿಸಿದ ರಸೀದಿಗಳು ಕೈಯಲ್ಲಿದ್ದರೆ ಇದು ನಿಜಕ್ಕೂ ಒಳ್ಳೆಯ ಗಾಡಿಯಾಗುತ್ತದೆ, ಅದರ ಐದು ಗೇರಿನ ಟಾರ್ಕ್‌ಶಿಫ್ಟ್ ಆಟೊಮ್ಯಾಟಿಕ್ ಅಂತೂ ಬಹಳ ಗಟ್ಟಿ. ರಸೀದಿ ಇಲ್ಲದೆ ಬರಿಯ ಬಾಯಿಮಾತಿದ್ದರೆ ಹಿಂದಿರುಗಿ ಬನ್ನಿ.

2008ರಿಂದ 2010ರ 6.4 ಲೀಟರ್ ಎಂಜಿನ್ ಅನ್ನು ಕೊಳ್ಳಬೇಡಿ. ಫಿಲ್ಟರ್ ಕಾಯಿಸಲೆಂದು ಸಿಲಿಂಡರಿಗೆ ಸುರಿದ ಡೀಸೆಲ್ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ತೆಳುಮಾಡುತ್ತದೆ, ಪಿಸ್ಟನ್ ಬಿರುಕು ಬಿಡುತ್ತದೆ, ರೇಡಿಯೇಟರ್ ಸೋರುತ್ತದೆ, ದೊಡ್ಡ ರಿಪೇರಿ ಯಾವುದೇ ಆದರೂ ಕ್ಯಾಬಿನ್ನನ್ನೇ ಚಾಸಿಯಿಂದ ಎತ್ತಬೇಕಾಗುತ್ತದೆ.

ಷೆವ್ರೊಲೆ ಮತ್ತು ಡ್ಯೂರಾಮ್ಯಾಕ್ಸ್

ಜನರಲ್ ಮೋಟರ್ಸ್ ಮತ್ತು ಇಸುಜು ಜೊತೆಯಾಗಿ ಓಹಾಯೊದ ಮೊರೇನ್ ಊರಿನಲ್ಲಿ ಮಾಡಿದ 6.6 ಲೀಟರ್ ಡ್ಯೂರಾಮ್ಯಾಕ್ಸ್ 2001ರ ಮಾದರಿಯಲ್ಲಿ ಬಂತು. ಇದರ ತಲೆಮಾರುಗಳನ್ನು ಹೊರಗಿನ ನೋಟದಿಂದ ಗುರುತಿಸುವುದು ಕಷ್ಟ. ವಿಐಎನ್, ಅಂದರೆ ಗಾಡಿಯ ಗುರುತಿನ ಸಂಖ್ಯೆಯ ಎಂಟನೆಯ ಅಕ್ಷರ ನೋಡಬೇಕು. 1 ಇದ್ದರೆ ಎಲ್‌ಬಿ7, 2 ಇದ್ದರೆ ಎಲ್‌ಎಲ್‌ವೈ, ಡಿ ಇದ್ದರೆ ಎಲ್‌ಬಿಝಡ್, 6 ಇದ್ದರೆ ಎಲ್‌ಎಂಎಂ.

ಎಲ್‌ಬಿ7 2004ರ ನಡುವಿನವರೆಗೆ ಬಂತು. ಅದರ ಇಂಜೆಕ್ಟರುಗಳು ವಾಲ್ವ್ ಕವರಿನ ಒಳಗೇ ಇದ್ದು, ಬಿರುಕು ಬಿಟ್ಟರೆ ಡೀಸೆಲ್ ನೇರವಾಗಿ ಎಂಜಿನ್ ಎಣ್ಣೆಗೆ ಸೇರುತ್ತದೆ. ತೊಂದರೆ ಎಷ್ಟು ವ್ಯಾಪಕವಾಗಿತ್ತೆಂದರೆ ಕಂಪನಿ ಆ ಇಂಜೆಕ್ಟರುಗಳ ಹೊಣೆಯನ್ನು ಏಳು ವರ್ಷ ಅಥವಾ ಎರಡು ಲಕ್ಷ ಮೈಲಿಗೆ ವಿಸ್ತರಿಸಿತ್ತು. ಆ ಅವಧಿ ಈಗ ಮುಗಿದಿದೆ. ಎಣ್ಣೆಕಡ್ಡಿ ಎಳೆದು ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಅಥವಾ ಮಟ್ಟ ಗೆರೆಗಿಂತ ಮೇಲಿದ್ದರೆ ಇಂಜೆಕ್ಟರ್ ಸೋರುತ್ತಿದೆ. ಎಂಜಿನ್ ಕಾದ ಮೇಲೂ ನಿಂತಲ್ಲಿ ಬಿಳಿ ಹೊಗೆ ಬರುವುದು ಇನ್ನೊಂದು ಲಕ್ಷಣ. 2004ರ ನಡುವಿನಿಂದ ಬಂದ ಎಲ್‌ಎಲ್‌ವೈಯಲ್ಲಿ ಇಂಜೆಕ್ಟರುಗಳನ್ನು ಕವರಿನ ಹೊರಗೆ ತಂದು ಆ ಕಷ್ಟವನ್ನು ತಗ್ಗಿಸಿದರು, ಆದರೆ ಟರ್ಬೊಗೆ ಗಾಳಿ ಹೋಗುವ ದಾರಿ ಇಕ್ಕಟ್ಟಾಗಿ, ಬೇಸಿಗೆಯಲ್ಲಿ ಭಾರ ಎಳೆದುಕೊಂಡು ಏರು ಹತ್ತುವಾಗ ಎಂಜಿನ್ ಕಾಯುವ ದೋಷ ಹುಟ್ಟಿತು. ಎಳೆಯುವುದಕ್ಕೇ ಕೊಳ್ಳುವವರಿಗೆ ಅದೇ ಸಂದರ್ಭದಲ್ಲಿ ಕಾಯುವ ಎಂಜಿನ್ ಸೂಕ್ತವಲ್ಲ.

2006ರಿಂದ 2007ರವರೆಗೆ ಬಂದ ಎಲ್‌ಬಿಝಡ್ ಈ ಎರಡೂ ದೋಷಗಳನ್ನು ಕಳೆದುಕೊಂಡಿತು. 360 ಅಶ್ವಶಕ್ತಿ, 650 ಪೌಂಡ್-ಅಡಿ ಟಾರ್ಕ್, ಆರು ಗೇರಿನ ಆಲಿಸನ್ 1000 ಗೇರ್‌ಬಾಕ್ಸ್, ಮೇಲಾಗಿ ಡಿಪಿಎಫ್ ಇಲ್ಲ. 2007ರಲ್ಲಿ ಹಳೆಯ ಆಕಾರದ, ಕ್ಲಾಸಿಕ್ ಎಂದು ಕರೆದ ಗಾಡಿಯಲ್ಲಿ ಮಾತ್ರ ಈ ಎಂಜಿನ್ ಇದ್ದು, ಹೊಸ ಆಕಾರದ್ದರಲ್ಲಿ ಎಲ್‌ಎಂಎಂ ಇದೆ. ಹೆಚ್ಚಿನ ಶಕ್ತಿಗಾಗಿ ಕಂಪ್ಯೂಟರ್ ತಿದ್ದಿಸಿದ ಎಲ್‌ಬಿಝಡ್‌ಗಳಲ್ಲಿ ಪಿಸ್ಟನ್ ಒಡೆಯುವುದುಂಟು, ಆದ್ದರಿಂದ ಮುಟ್ಟದ ಗಾಡಿಯನ್ನೇ ಹುಡುಕಬೇಕು, ಅದಕ್ಕೆ ಬೆಲೆಯೂ ಹೆಚ್ಚು ಕೊಡಬೇಕು. ಫಿಲ್ಟರಿನ ನಿರ್ವಹಣೆಯನ್ನು ಒಪ್ಪಿಕೊಳ್ಳುವವರಿಗೆ 2010ರವರೆಗಿನ ಎಲ್‌ಎಂಎಂ ಕೂಡ ಒಳ್ಳೆಯದೇ.

ಎಂಜಿನ್‌ನಾಚೆ ಈ ಗಾಡಿಗಳಲ್ಲಿ ನೋಡಬೇಕಾದ ಮೂರು ಜಾಗಗಳಿವೆ. ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್ ಇರುವುದರಿಂದ ಓಟ ಕಾರಿನಂತೆ ಮೃದು, ಆದರೆ ಟೈ ರಾಡ್‌ಗಳು ಸಣಕಲು. ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗಿನ ಪಂಪ್ ಕಾಲಕ್ರಮೇಣ ಹೊರಕವಚಕ್ಕೆ ಉಜ್ಜಿ ತೂತು ಮಾಡುತ್ತದೆ, ಎಣ್ಣೆ ಸೋರಿ ಬರಿದಾಗಿ ಇಡೀ ಕೇಸ್ ಹಾಳಾಗುತ್ತದೆ. ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಓಡಿದ ಗಾಡಿಗಳ ಬ್ರೇಕ್ ಪೈಪುಗಳು ತುಕ್ಕು ಹಿಡಿದು ಒಡೆಯುತ್ತವೆ.

ಗೇರ್‌ಬಾಕ್ಸ್ ಮತ್ತು ಇಳಿಜಾರು

ಭಾರ ಎಳೆಯುವ ಗಾಡಿಯಲ್ಲಿ ಎಂಜಿನ್‌ಗಿಂತ ಮೊದಲು ಸೋಲುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಸೋಲಿಸುವುದು ಶಾಖ. ಈ ವಿಷಯದಲ್ಲಿ ಆಲಿಸನ್ 1000ಕ್ಕೆ ಆ ಕಾಲದಲ್ಲಿ ಸಾಟಿಯಿರಲಿಲ್ಲ. ಅದರ ಫಿಲ್ಟರ್ ಹೊರಗೇ ಇದ್ದು ಕೈಯಿಂದ ತಿರುಗಿಸಿ ಬದಲಿಸಬಹುದು, ಟೋ/ಹಾಲ್ ಗುಂಡಿ ಒತ್ತಿದರೆ ಇಳಿಜಾರಿನಲ್ಲಿ ತಾನೇ ಗೇರ್ ಇಳಿಸಿ ಎಂಜಿನ್‌ನಿಂದ ಹಿಡಿತ ಕೊಡುತ್ತದೆ. 6.0 ಫೋರ್ಡ್‌ನ ಟಾರ್ಕ್‌ಶಿಫ್ಟ್ ಎರಡನೆಯ ಸ್ಥಾನಕ್ಕೆ ಬರುತ್ತದೆ. 7.3ರ ಜೊತೆಗಿನ 4ಆರ್100 ದೊಡ್ಡ ಕೂಲರ್ ಹಾಕಿಸಿದರೆ ಬಾಳುತ್ತದೆ.

ಡಾಡ್ಜ್‌ನ 47ಆರ್‌ಇ, 48ಆರ್‌ಇ ಆಟೊಮ್ಯಾಟಿಕ್‌ಗಳೇ ಆ ಗಾಡಿಗಳ ದುರ್ಬಲ ಕೊಂಡಿ. ಪಾರ್ಕ್‌ನಲ್ಲಿ ನಿಲ್ಲಿಸಿದಾಗ ಅವುಗಳ ಎಣ್ಣೆ ಕೂಲರಿಗೆ ಹರಿಯುವುದೇ ಇಲ್ಲ, ಹಾಗಾಗಿ ಏರು ಹತ್ತಿ ಬಂದ ಮೇಲೆ ಕೈಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸುತ್ತ ತಣಿಸಬೇಕು. ಈ ಕಾರಣಕ್ಕೇ ಕಮಿನ್ಸ್ ಬೇಕೆನ್ನುವವರು ಮ್ಯಾನುಯಲ್ ಗೇರಿನ ಗಾಡಿಯನ್ನು ಹುಡುಕುವುದು ಲೇಸು. ಐದು ಗೇರಿನ ಎನ್‌ವಿ4500ರಲ್ಲಿ ಐದನೆಯ ಗೇರಿನ ನಟ್ ಸಡಿಲವಾಗಿ ಆ ಗೇರೇ ಇಲ್ಲವಾಗುತ್ತದೆ. ಓಡಿಸಿ ನೋಡುವಾಗ ಐದನೆಯದರಲ್ಲಿ ಭಾರ ಕೊಟ್ಟು ನೋಡಿ. ಆರು ಗೇರಿನ ಎನ್‌ವಿ5600 ಸಿಕ್ಕರೆ ಇನ್ನೂ ಒಳ್ಳೆಯದು.

ಇಳಿಜಾರಿನ ವಿಷಯ ಹತ್ತುವುದಕ್ಕಿಂತ ಗಂಭೀರ. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ತಡೆಯುವ ಥ್ರಾಟಲ್ ಇಲ್ಲದ ಕಾರಣ, ಕಾಲು ತೆಗೆದರೆ ಪೆಟ್ರೋಲ್ ಗಾಡಿಯಷ್ಟೂ ಹಿಡಿತ ಸಿಗುವುದಿಲ್ಲ. ಕೊಲರಾಡೊದ ಐಸೆನ್‌ಹವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ; ಅಲ್ಲಿಂದ ಶೇ 7ರವರೆಗಿನ ಇಳಿಜಾರಿನಲ್ಲಿ ಮೈಲಿಗಟ್ಟಲೆ 14,000 ಪೌಂಡ್ ಬೆನ್ನಿಗೆ ಕಟ್ಟಿಕೊಂಡು ಇಳಿಯುವಾಗ ಬರಿಯ ಚಕ್ರದ ಬ್ರೇಕನ್ನು ನಂಬಿದರೆ ಅದು ಕಾದು ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಹಳೆಯ ಕಮಿನ್ಸ್ ಅಥವಾ 7.3 ಕೊಳ್ಳುವವರು ಎಕ್ಸಾಸ್ಟ್ ಬ್ರೇಕಿನ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಕೊಂಡೇ ಹೊರಡಬೇಕು. ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕುಗಳು ಮತ್ತು ಅವುಗಳನ್ನು ನಿಯಂತ್ರಿಸುವ ಕಂಟ್ರೋಲರ್ ಸುಸ್ಥಿತಿಯಲ್ಲಿರುವುದು ಪ್ರಾಣದ ಪ್ರಶ್ನೆ; ಇದರಲ್ಲಿ ಉಳಿತಾಯ ಮಾಡುವುದನ್ನು ನಾನು ಒಪ್ಪಲಾರೆ.

ಗಾಡಿಯನ್ನು ನೋಡುವ ಬಗೆ

ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ, ಮುಂಚೆಯೇ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಹೇಳಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಅನುಮಾನಪಡಲು ಅದೇ ಸಾಕು. ಸ್ಟಾರ್ಟ್ ಆದ ಮೇಲೆ ಎಣ್ಣೆ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಬೋರಲಾಗಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗುತ್ತಾ ಅಲ್ಲೇ ಕೂತರೆ ಚಿಂತೆಯಿಲ್ಲ. ಒಳಗಿನ ಗಾಳಿ ಅದನ್ನು ಹಾರಿಸಿ ಬೀಳಿಸಿದರೆ ಪಿಸ್ಟನ್ ರಿಂಗುಗಳು ಸವೆದಿವೆ.

ಹಿಂದಿನ ಡಬ್ಬಿಯ ನೆಲದಲ್ಲಿ ಗೂಸ್‌ನೆಕ್ ಗುಂಡಿನ ರಂಧ್ರವಿದ್ದರೆ ಗಾಡಿ ದುಡಿದಿದೆ ಎಂದರ್ಥ. ಅದರಿಂದಲೇ ಬೇಡವೆನ್ನಬೇಕಿಲ್ಲ, ಆದರೆ ಗೇರ್‌ಬಾಕ್ಸ್ ಎಣ್ಣೆಯ ಬಣ್ಣವನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ. ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಮೀಟರ್ ಕಿತ್ತುಹಾಕಿದ ಸ್ಕ್ರೂ ತೂತುಗಳಿದ್ದರೆ ಶಕ್ತಿ ಹೆಚ್ಚಿಸಿ ಓಡಿಸಿದ್ದಾರೋ ಎಂದು ಕೇಳಿ. ಟೈರಿನ ಪಕ್ಕದಲ್ಲಿ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಗೀರು ಆಳವಾಗಿಯೇ ಇದ್ದರೂ ಹತ್ತು ವರ್ಷದ ಟೈರಿನ ಮೇಲೆ ಭಾರ ಹೇರಬಾರದು, ಮತ್ತು ಟೈರು ಹೆಚ್ಚು ಭಾರ ತಡೆಯುವ ಲೋಡ್ ರೇಂಜ್ ಇ ವರ್ಗದ್ದಾಗಿರಬೇಕು.

ಇನ್ನು ಯಾರಿಗೆ ಯಾವುದು ಎಂಬ ಪ್ರಶ್ನೆ. ಘಟ್ಟ ಪ್ರದೇಶದಲ್ಲಿ 12,000 ಪೌಂಡ್ ಮೀರಿ ಎಳೆಯುವವರು, ಕೈಯಲ್ಲಿ ಹಣವಿದ್ದರೆ, ಎಲ್‌ಬಿಝಡ್ ಎಂಜಿನ್ನಿನ ಷೆವ್ರೊಲೆ 3500 ಡ್ಯೂಲಿಯನ್ನು ಹುಡುಕಲಿ; ಇಡೀ ಗಾಡಿಯಾಗಿ ನೋಡಿದರೆ ಅದಕ್ಕಿಂತ ಮೇಲಿನದು ಆ ಕಾಲದಲ್ಲಿಲ್ಲ. ತಾವೇ ಪಾನಾ ಹಿಡಿಯುವವರು, ಕ್ಲಚ್ ಒತ್ತಲು ಬೇಸರವಿಲ್ಲದವರು ಕಾಮನ್ ರೈಲ್ 5.9 ಮತ್ತು ಮ್ಯಾನುಯಲ್ ಗೇರಿನ ಡಾಡ್ಜ್ ಕೊಳ್ಳಲಿ. ವರ್ಷಕ್ಕೆ ಹತ್ತಾರು ಸಲ 10,000 ಪೌಂಡಿನೊಳಗಿನ ಟ್ರೇಲರ್ ಎಳೆಯುವವರಿಗೆ 1999ರ ನಂತರದ 7.3 ಫೋರ್ಡ್ ಸಾಕು, ಅದರ ಬಿಡಿಭಾಗಗಳು ಈಗಲೂ ಸುಲಭವಾಗಿ ಸಿಗುತ್ತವೆ. ಯಾವುದನ್ನು ಕೊಂಡರೂ ಕೈಯಲ್ಲಿರುವ ಹಣದ ನಾಲ್ಕನೆಯ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ತೆಗೆದಿಡಿ. ಒಂದೇ ಬೆಲೆಗೆ ಮಿಷಿಗನ್‌ನ 1,20,000 ಮೈಲಿಯ ಗಾಡಿ ಮತ್ತು ಅರಿಜೋನಾದ 2,20,000 ಮೈಲಿಯ ಗಾಡಿ ಎರಡೂ ಸಿಕ್ಕರೆ ನಾನು ಅರಿಜೋನಾದ್ದನ್ನೇ ಆರಿಸುತ್ತೇನೆ: ಸವೆದ ಇಂಜೆಕ್ಟರನ್ನು ಬದಲಿಸಬಹುದು, ತುಕ್ಕು ತಿಂದ ಚಾಸಿಗೆ ಹಿಚ್ ಬಿಗಿದು ಹಿಂದೆ 14,000 ಪೌಂಡ್ ಕಟ್ಟಲಾಗದು.